ಸೇತುವೆಗೂ ಮೊದಲೇ ಕೂಡಿದ್ದ ದಡಗಳು

ಕಾಳಿ ನದಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನದಲ್ಲಿ ‘ಸೇತುವೆ ಬರುವವರೆಗೆ ಸದಾಶಿವಗಡ ಕಾರವಾರದಿಂದ ದೂರವೇ ಉಳಿದಿತ್ತು’ ಎಂಬ ಮಾತಿತ್ತು. ಕಾರವಾರದಿಂದ ನದಿಯಾಚೆ ಇರುವ ಸದಾಶಿವಗಡದ ಓದುಗರೊಬ್ಬರು ಅದಕ್ಕೆ ನೊಂದು ಬರೆದಿದ್ದಾರೆ: ‘ನನ್ನ ಅಜ್ಜಿ ಕಾರವಾರದ ಭಾನುವಾರದ ಸಂತೆಗೆ ದೋಣಿಯಲ್ಲೇ ಹೋಗಿಬರುತ್ತಿದ್ದರು. ನಾವೇನು ದ್ವೀಪದಲ್ಲಿದ್ದೆವೇ?’

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆ ವಾಕ್ಯ ಅಚ್ಚಾಗಬಾರದಿತ್ತು.

ಸೋದೆಯ ಅರಸರು ಸದಾಶಿವಗಡದ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ್ದು ನದಿ ಕಡಲು ಸೇರುವ ಅಳಿವೆಯ ಮೇಲೆ ಕಣ್ಣಿಡುವುದಕ್ಕೆ. ಅಷ್ಟು ಓಡಾಟ ಅಲ್ಲಿತ್ತು. 1980ರ ದಶಕದಲ್ಲಿ ಸೇತುವೆಯಾಗುವವರೆಗೆ ಗೋವಾದ ಹಾದಿ ಹಿಡಿದವರು ಕಾರವಾರದ ದಡದ ಕೋಡಿಬಾಗದಲ್ಲಿ ದೋಣಿ ಹತ್ತಲೇಬೇಕಿತ್ತು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳ ರಾತ್ರಿಯೊಂದರಲ್ಲಿ ಇದೇ ಕಾಳಿಯಲ್ಲಿ ದೋಣಿಯೇರಿ ಹೋದರು. ಹಿಂದಿರುಗಿ ಅಳಿವೆಗೆ ಬಂದಾಗ, ಕಡಲ ದಾರಿಯಲ್ಲಿ ತಡವಾದೀತೆಂದು ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದರು.

ಅಳಿವೆ ದಾಟಿಸುವ ಕೆಲಸ ಒಳನಾಡಿನ ಹೊಳೆ ದಾಟಿಸಿದಂತಲ್ಲ. ಇಳಿತದ ಹೊತ್ತಿನಲ್ಲಿ ನೀರು ದೋಣಿಯನ್ನು ಕಡಲಿಗೆ ಎಳೆಯುತ್ತದೆ. ಎದುರು ದಡದ ಕಟ್ಟೆ ಮುಟ್ಟಬೇಕಾದರೆ ಅಂಬಿಗ ಮೂತಿಯನ್ನು ಅದಕ್ಕಿಂತ ಎಷ್ಟೋ ಮೇಲಕ್ಕೆ ತಿರುಗಿಸಿ ಹುಟ್ಟು ಹಾಕಬೇಕು. ಭರತದಲ್ಲಿ ಇದೇ ಲೆಕ್ಕ ತಿರುಗುಮುರುಗು. ಅಘನಾಶಿನಿ ನದಿಯ ಅಳಿವೆಯಲ್ಲಿ ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ದಾಟುವಾಗ ಇದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ತಾರಿ, ಅಂದರೆ ಜನರನ್ನು ದಾಟಿಸುವ ದೋಣಿ, ಈಗಲೂ ಇದೆ. ಮೀನಿನ ಬುಟ್ಟಿ, ಶಾಲೆಯ ಚೀಲ, ಹಲಗೆಯ ಮೇಲೆ ಹತ್ತಿಸಿದ ಬೈಕು ಎಲ್ಲವೂ ಒಂದೇ ದೋಣಿಯಲ್ಲಿ. ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸಿನ ಬುಟ್ಟಿಯ ಬಳಚುಗಳು (ಚಿಪ್ಪುಮೀನು) ದೋಣಿ ಓಲಾಡಿದಾಗಲೆಲ್ಲ ಕಟಕಟ ಎನ್ನುತ್ತಿದ್ದವು. ರಸ್ತೆಯಲ್ಲಿ ಸುತ್ತಿ ಬರಲು ಆಕೆಗೆ ಅರ್ಧ ದಿನವೇ ಬೇಕಾಗುತ್ತಿತ್ತೇನೋ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಲಾರಿಯ ಮೇಲೇರಿ ಕತ್ತಲಲ್ಲಿ ಕಾಯುತ್ತಿದ್ದ. ಅವನನ್ನು ದಡಕ್ಕೆ ತಂದದ್ದು ದೋಣಿ, ಜೊತೆಗೆ ಈ ನೀರಿನ ಗುಣ ಬಲ್ಲ ಮೀನುಗಾರರು. ನಮ್ಮ ಲೇಖನ ಇದನ್ನೂ ಹೇಳಬೇಕಿತ್ತು.

ಇನ್ನು ನನ್ನದೊಂದು ಕೋರಿಕೆ. ಸೇತುವೆಗೆ ಉದ್ಘಾಟನೆಯ ಕಲ್ಲು ಇರುತ್ತದೆ, ತಾರಿಗೆ ಅದೂ ಇರುವುದಿಲ್ಲ. ಅಜ್ಜಿ ಎಷ್ಟು ಕಾಸು ಕೊಟ್ಟು ದಾಟುತ್ತಿದ್ದರು, ಮಳೆಗಾಲದಲ್ಲಿ ತಾರಿ ನಿಂತರೆ ಏನು ಮಾಡುತ್ತಿದ್ದರು, ದಡದಿಂದ ಅಂಬಿಗನನ್ನು ಹೇಗೆ ಕೂಗಿ ಕರೆಯುತ್ತಿದ್ದರು, ನೆನಪಿದ್ದಷ್ಟನ್ನು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೆಂದೇ ತೆಗೆದಿಟ್ಟಿದ್ದೇನೆ.

— ಸಂಪಾದಕ