ಪೈಪ್‌ಲೈನ್ ಕಂಪನಿಯ ಸಿಎಸ್ಆರ್ ದುಡ್ಡಲ್ಲಿ ಊರಿಗೆ ಏನು ಕೇಳಬೇಕು?

ನಿಮ್ಮೂರ ಹೊಲಗಳಲ್ಲಿ ಎಣ್ಣೆಯದೋ ಗ್ಯಾಸಿನದೋ ಪೈಪ್‌ಲೈನ್ ಹೋಗುತ್ತದೆ, ಕಂಪನಿಯ ಸಿಎಸ್ಆರ್ ದುಡ್ಡಲ್ಲಿ, ಅಂದರೆ ಸಮಾಜದ ಕೆಲಸಕ್ಕೆ ಅಂತ ಅವರು ಖರ್ಚು ಮಾಡುವ ದುಡ್ಡಲ್ಲಿ, ಕುಡಿಯುವ ನೀರಿನ ಘಟಕ ಕೇಳೋಣವಾ, ಶಾಲೆಗೆ ಕೊಠಡಿ ಕೇಳೋಣವಾ ಅಂತ ಕೇಳಿದ್ದೀರಿ. ಪೈಪ್ ಹಾಕುವ ಮುಂಚೆ ನಮ್ಮೂರ ಅರಳಿಕಟ್ಟೆ ಮೇಲೂ ಮೂರು ಸಂಜೆ ಇದೇ ಮಾತು ನಡೆದಿತ್ತು. ನಾವು ನೀರು ಕೇಳಿದೆವು. ಕೊಟ್ಟರು. ನನ್ನ ಗದ್ದೆ ಹಾಳಾಯಿತು.

ನಮ್ಮದು ಮದ್ದೂರು ಕಡೆ, ವಿ.ಸಿ. ನಾಲೆಯ (ವಿಶ್ವೇಶ್ವರಯ್ಯ ನಾಲೆ) ಕೊನೇ ಭಾಗ. ಒಂದೂವರೆ ಎಕರೆ ಗದ್ದೆಯ ನಟ್ಟ ನಡುವೆ 18 ಮೀಟರ್ ಅಗಲಕ್ಕೆ ಗುರುತು ಹಾಕಿದರು. ಬೇಸಿಗೆಯಲ್ಲಿ ಜೆಸಿಬಿ ಬಂತು. ಅಗೆದರು, ಪೈಪ್ ಇಳಿಸಿದರು, ಮುಚ್ಚಿ ಲೆವೆಲ್ ಮಾಡಿದರು. ನೋಡಲು ಕ್ರಿಕೆಟ್ ಪಿಚ್ ಥರ ಇತ್ತು.

ನೀರಿನ ಘಟಕದ ಉದ್ಘಾಟನೆ ದಿನ ಶಾಮಿಯಾನ, ಮೈಕು, ಎಲ್ಲರಿಗೂ ಮೈಸೂರು ಪಾಕ್. ಗುತ್ತಿಗೆದಾರನ ಕಡೆ ಹುಡುಗ ಬಂದು, "ಅಣ್ಣಾ, ಇದೊಂದು ಸೈನ್ ಹಾಕ್ಬಿಡಿ, ನಮ್ ಬಿಲ್ ಪಾಸಾಗಬೇಕು" ಅಂದ. ಕೈಯೆಲ್ಲ ತುಪ್ಪ. ಪಂಚೆಗೆ ಒರೆಸಿಕೊಂಡು ಸೈನ್ ಹಾಕಿದೆ. ಕಾಗದದಲ್ಲಿದ್ದದ್ದು ಎರಡೇ ಸಾಲು: ಜಮೀನನ್ನು ಮೊದಲಿದ್ದ ಸ್ಥಿತಿಗೆ ತಂದುಕೊಟ್ಟಿದ್ದಾರೆ, ನನ್ನದೇನೂ ತಕರಾರಿಲ್ಲ.

ಆಗ ಏಪ್ರಿಲ್. ಒಂದು ಹನಿ ಮಳೆ ಬಿದ್ದಿರಲಿಲ್ಲ. ತಪ್ಪಾಗಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅಗೆದು ಮುಚ್ಚಿದ ಮಣ್ಣು ಒಣಗಿರುವಾಗ ಉಬ್ಬಿಕೊಂಡೇ ಇರುತ್ತದೆ. ನೀರು ಇಳಿದ ಮೇಲೆಯೇ ಅದು ಕೂರುವುದು. ಸಮಾಧಿ ಮೇಲೆ ಮಣ್ಣನ್ನು ದಿಬ್ಬ ಮಾಡುತ್ತಾರಲ್ಲ, ಅದೂ ಇದಕ್ಕೇ. ಆಗಸ್ಟ್‌ನಲ್ಲಿ ನಾಲೆಗೆ ನೀರು ಬಂತು, ಪೈಪ್ ಮೇಲಿನ ಮಣ್ಣು ಒಂದು ಗೇಣು ಕುಸಿಯಿತು. ಭತ್ತದ ಗದ್ದೆ ತಟ್ಟೆಯಂತೆ ಸಮ ಇರಬೇಕು. ನಮ್ಮ ಗದ್ದೆಯ ನೀರೆಲ್ಲ ಆ ಹಳ್ಳದಲ್ಲೇ ನಿಂತಿತು, ಆಚೆ ಅರ್ಧ ಒಣಗಿತು.

ಮಣ್ಣಿನ ಕಥೆ ಇನ್ನೂ ಕೆಟ್ಟದ್ದು. ಮೇಲಿನ ಒಂದಡಿ ಕರೀ ಮಣ್ಣು ನಮ್ಮಪ್ಪ ವರ್ಷಾನುಗಟ್ಟಲೆ ಕೊಟ್ಟಿಗೆ ಗೊಬ್ಬರ ಹೊಡೆದು ಮಾಡಿದ್ದು. ಅದನ್ನು ಬೇರೆ ಗುಡ್ಡೆ ಹಾಕಿ, ಕೊನೆಗೆ ಮೇಲಕ್ಕೇ ಹಾಕಬೇಕು. ಇವರು ಎಲ್ಲ ಒಟ್ಟಿಗೆ ತೆಗೆದು ಒಟ್ಟಿಗೆ ತಳ್ಳಿದ್ದರು. ತಳದ ಸುಣ್ಣಕಲ್ಲಿನ ಮಣ್ಣು ಮೇಲೆ ಬಂದು ಪೈರು ಹಳದಿ ಆಯಿತು. ಮಾರನೇ ವರ್ಷ ಕಬ್ಬು ಹಾಕಿದೆ. ಎರಡೂ ಕಡೆ ಆಳೆತ್ತರ, ನಡುವೆ ಸೊಂಟದಷ್ಟು. ರಸ್ತೆಯಿಂದ ನೋಡಿದರೆ ಬೈತಲೆ ತೆಗೆದ ಹಾಗೆ ಕಾಣುತ್ತಿತ್ತು. ದೂರು ಕೊಡಲು ಹೋದರೆ ನನ್ನ ಸೈನ್ ನನಗೇ ತೋರಿಸಿದರು.

ಘಟಕದ ನೀರು ಚೆನ್ನಾಗಿದೆ, ಸುಳ್ಳು ಹೇಳಬಾರದು. ನಮ್ಮ ಮನೆಗೂ ಅದೇ ನೀರು. ಆದರೆ ಅದು ನಮ್ಮ ಹೊಲಕ್ಕೆ ಬದಲಾಗಿ ಸಿಕ್ಕಿದ್ದು ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ನೀವೂ ಹಾಗೇ ತಿಳಿದಂತಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಹೇಗಿದ್ದರೂ ಇಂಥದ್ದಕ್ಕೆ ಖರ್ಚು ಮಾಡಬೇಕು. ನೀವು ಏನನ್ನೂ ಬಿಟ್ಟುಕೊಡಬೇಕಿಲ್ಲ. ಹೊಲದ ಲೆಕ್ಕವೇ ಬೇರೆ, ಅದು 1962ರ ಪೈಪ್‌ಲೈನ್ ಕಾಯ್ದೆಯದು. ಜಮೀನು ನಿಮ್ಮದಾಗಿಯೇ ಉಳಿಯುತ್ತದೆ, ಅವರಿಗೆ ಸಿಗುವುದು ಬಳಕೆಯ ಹಕ್ಕು. ಅದಕ್ಕೆ ಮಾರುಕಟ್ಟೆ ಬೆಲೆಯ ಶೇ. 10, ಬೆಳೆ ಮತ್ತು ಮರದ ನಷ್ಟ ಬೇರೆ. ಮೊತ್ತ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು. ಪೈಪ್‌ಗೆ ಗುರುತು ಹಾಕಿದ ಅಷ್ಟಗಲದ ಜಾಗದಲ್ಲಿ ಮುಂದೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಒಂದು ತೆಂಗಿನ ಸಸಿ ಸಹ ನೆಡುವಂತಿಲ್ಲ. ಇದನ್ನು ಉದ್ಘಾಟನೆ ದಿನ ಮೈಕಲ್ಲಿ ಯಾರೂ ಹೇಳಲಿಲ್ಲ.

ಪರಿಸರ ಕಾಳಜಿ ಅಂತ ಕಂಪನಿಯವರು ಗಿಡ ನೆಡುವ ಫೋಟೊ ಹಾಕುತ್ತಾರೆ. ಜೆಸಿಬಿಯವನಿಗೆ ಮೇಲ್ಮಣ್ಣು ಬೇರೆ ಇಡು ಅಂತ ಹೇಳಿದ್ದರೆ ನನಗೆ ಅಷ್ಟೇ ಸಾಕಿತ್ತು. ಹಾಗಾಗಿ ಕೊಠಡಿಯೋ ನೀರೋ ಆಮೇಲೆ ನೋಡಿ. ಅಗೆಯುವ ದಿನ ಗದ್ದೆಯಲ್ಲೇ ನಿಂತಿರಿ. ಮೊದಲು, ನಡುವೆ, ಮುಚ್ಚಿದ ಮೇಲೆ ಫೋಟೊ ತೆಗೆಯಿರಿ. ಪಂಚನಾಮೆಯಲ್ಲಿ, ಅಂದರೆ ಸಾಕ್ಷಿಗಳ ಮುಂದೆ ಬರೆಯುವ ಸ್ಥಳದ ವರದಿಯಲ್ಲಿ, ಮರ, ಬದು, ತೂಬು ಎಲ್ಲ ಬರೆಸಿ. ತಕರಾರಿಲ್ಲ ಅನ್ನುವ ಕಾಗದಕ್ಕೆ ಒಂದು ಮಳೆಗಾಲ, ಒಂದು ಬೆಳೆ ಮುಗಿಯುವ ತನಕ ಸೈನ್ ಹಾಕಬೇಡಿ. ಹುಡುಗ ಎಷ್ಟು ಒಳ್ಳೆಯವನಾದರೂ ಸರಿ.

ಹಾಂ, ನಿಮ್ಮದು ಎಣ್ಣೆಯದೋ ಗ್ಯಾಸಿನದೋ ಬರೆದಿಲ್ಲ. ಮನೆ ಸಿಲಿಂಡರ್‌ನ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ದೂರದೂರಿಗೆ ಹೋಗುವ ದೊಡ್ಡ ಪೈಪಿನ ಗ್ಯಾಸಿಗೆ ಎಷ್ಟೋ ಕಡೆ ಬೆರೆಸಿರುವುದಿಲ್ಲ, ಸೋರಿದರೂ ಮೂಗಿಗೆ ಗೊತ್ತಾಗದೇ ಇರಬಹುದು. 2014ರ ಜೂನ್‌ನಲ್ಲಿ ಆಂಧ್ರದ ನಗರಂನಲ್ಲಿ ಗ್ಯಾಸ್ ಪೈಪ್ ಸಿಡಿದು ಜನ ಸತ್ತದ್ದು ನೆನಪಿರಬಹುದು. ನಿಂತ ನೀರಲ್ಲಿ ಗುಳ್ಳೆ ಎದ್ದರೆ, ಹುಲ್ಲು ಸುಮ್ನೆ ಒಣಗಿದರೆ, ಗುರುತಿನ ಕಂಬದ ಮೇಲಿನ ನಂಬರಿಗೆ ಫೋನ್ ಮಾಡಿ.

ನಿಮ್ಮ ಜಮೀನಿನ ಬಳಕೆಯ ಹಕ್ಕು ತೆಗೆದುಕೊಳ್ಳುತ್ತೇವೆ ಅಂತ ಸರ್ಕಾರ ಹೊರಡಿಸುವ ನೋಟಿಫಿಕೇಶನ್ ಆದ ತಾರೀಖು ಯಾವುದು? ಆಕ್ಷೇಪಣೆ ಕೊಡಲು ಅಲ್ಲಿಂದ 21 ದಿನ ಮಾತ್ರ ಇರುತ್ತದೆ. ಅದನ್ನು ನೋಡಿ ಇಲ್ಲೇ ಬರೆಯಿರಿ.