ಗಂಧೆ ಎದ್ದಿದ್ದು ಕೈ ಮೇಲಲ್ಲ, ಹೊಟ್ಟೆ ಮೇಲೆ

ತಂಗಿ, ನಿಮ್ಮ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ನೀವು ಕೇಳಿದ್ದು ಎರಡು. ಎರಡಾಗಿ ಪಾಲು ಮಾಡಿದ ತುಡುವೆ ಜೇನಿನ ಪೆಟ್ಟಿಗೆಯಲ್ಲಿ ಇಪ್ಪತ್ತು ದಿನ ಕಳೆದರೂ ಹೊಸ ರಾಣಿಯ ಮೊಟ್ಟೆ ಕಾಣುತ್ತಿಲ್ಲ, ಏನು ಮಾಡಲಿ ಅಂತ ಒಂದು. ಅತ್ತೆಯವರ ಕೈಗೆ ಜೇನುಹುಳ ಹೊಡೆದು ಮೊಣಕೈವರೆಗೆ ಊದಿತು, ಏನು ಹಚ್ಚಲಿ, ಮನೆಯಲ್ಲಿ ಪೆಟ್ಟಿಗೆಗಳನ್ನೇ ತೆಗೆ ಅನ್ನುತ್ತಿದ್ದಾರೆ ಅಂತ ಇನ್ನೊಂದು. ಸುಣ್ಣ, ಅರಿಶಿನ, ತುಂಬೆ ರಸ, ಈರುಳ್ಳಿ ಅಂತ ಹತ್ತು ಹದಿನೈದು ಜನ ಬರೆದಿದ್ದಾರೆ. ಅದು ಉರಿಯ ಮಾತಾಯಿತು. ಆದರೆ ನಿಮ್ಮ ಬರಹದ ನಡುವೆ ಒಂದು ಸಾಲಿತ್ತು. "ಸ್ವಲ್ಪ ಹೊತ್ತಿಗೆ ಹೊಟ್ಟೆ, ಬೆನ್ನಿನ ಮೇಲೂ ಗಂಧೆ ಎದ್ದಿತ್ತು, ಸಂಜೆಗೆ ಇಳಿಯಿತು." ಆ ಸಾಲನ್ನು ಯಾರೂ ಹಿಡಿಯಲಿಲ್ಲ. ಒಂದು ತಿಂಗಳ ಹಿಂದಾಗಿದ್ದರೆ ನಾನೂ ಹಿಡಿಯುತ್ತಿರಲಿಲ್ಲ.

ಈ ಗುಂಪಿನಲ್ಲಿ ನಾನು ಕೆಲವು ದಿನ ಕಾಣಿಸದೇ ಇದ್ದಿದ್ದಕ್ಕೂ ಅದೇ ಕಾರಣ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮದು ಸಿದ್ದಾಪುರ ಕಡೆಯ ಅಡಿಕೆ ತೋಟದ ಮನೆ. ಮಾವನವರ ಕಾಲದಲ್ಲಿ ಇಪ್ಪತ್ತು ಪೆಟ್ಟಿಗೆ ಜೇನಿತ್ತಂತೆ. 1992ರ ಹೊತ್ತಿಗೆ ಜೇನಿನ ಮರಿಹುಳಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಎಲ್ಲವೂ ಖಾಲಿ. ಅಟ್ಟದಲ್ಲಿ ಬಿದ್ದಿದ್ದ ಆ ಹಳೇ ಪೆಟ್ಟಿಗೆಗಳನ್ನು ನಾನು ಇಳಿಸಿ ಶುರು ಮಾಡಿದ್ದು 22 ವರ್ಷದ ಹಿಂದೆ. ಈಗ ಹದಿನಾಲ್ಕಿವೆ. ಜೇನು ನನ್ನ ಹುಚ್ಚು. ನಮ್ಮನೆಯವರ ಹುಚ್ಚು ತಾಳಮದ್ದಲೆ, ಕುಣಿತವಿಲ್ಲದೆ ಕೂತು ಪದ್ಯಕ್ಕೆ ಅರ್ಥ ಹೇಳುವ ಯಕ್ಷಗಾನ. ಅವರು ಪೆಟ್ಟಿಗೆ ಮುಟ್ಟುವವರಲ್ಲ, ನಾನು ಅರ್ಥ ಹೇಳುವವಳಲ್ಲ. ಹಾಗಾಗಿ ಮನೆಯಲ್ಲಿ ಶಾಂತಿ ಇದೆ.

ಸಂಕ್ರಾಂತಿ ಮುಗಿದ ಮರುವಾರ. ಮಗಳು ಮೊಮ್ಮಗಳನ್ನು ಕರೆದುಕೊಂಡು ಬೆಂಗಳೂರಿಂದ ಬಂದಿದ್ದಳು. ಭಾನುವಾರ ಎಲ್ಲರೂ ಪಕ್ಕದೂರಿನ ಆಲೆಮನೆಗೆ ಹೋಗಿ ಕಬ್ಬಿನ ಹಾಲು ಕುಡಿದು, ಜೋನಿ ಬೆಲ್ಲ ತುಂಬಿಸಿಕೊಂಡು ಬಂದೆವು. ಸೋಮವಾರ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದ, ಕೊನೆಕೊಯ್ಲು. ಅಂಗಳದ ತುಂಬ ಅಡಿಕೆ. ಶನಿವಾರ ಇವರ ತಾಳಮದ್ದಲೆ ಇತ್ತು, ಭೀಷ್ಮನ ಪಾತ್ರ. ಅಡಿಕೆ ಸುಲಿಯುವವರ ಮುಂದೆ ಕೂತು ಎರಡು ದಿನದಿಂದ ಅದನ್ನೇ ಹೇಳಿಕೊಳ್ಳುತ್ತಿದ್ದರು. ಮೊಮ್ಮಗಳು "ಅಜ್ಜ ಯಾರಿಗೆ ಬೈತಿದ್ದಾನೆ?" ಅಂತ ಕೇಳಿದ್ದಳು.

ಮಂಗಳವಾರ ಹನ್ನೊಂದೂವರೆ. ನಾನು ಒಂದು ಪೆಟ್ಟಿಗೆ ಪಾಲು ಮಾಡುತ್ತಿದ್ದೆ. ಚೌಕಟ್ಟು ಎತ್ತುವಾಗ ಎರಡು ಹುಳ ಜಜ್ಜಿ ಹೋದವು. ನನಗೂ ಬೆರಳಿಗೆ ಒಂದು ಹೊಡೆಯಿತು. ಅಂಥ ಹೊತ್ತಲ್ಲಿ ಹಣ್ಣಾದ ಬಾಳೆಹಣ್ಣಿನ ತರದ ಒಂದು ವಾಸನೆ ಬರುತ್ತದೆ, ನೀವೂ ಗಮನಿಸಿರಬಹುದು. ಅದು ಹುಳಗಳು ಒಂದಕ್ಕೊಂದು ಕೊಡುವ ಎಚ್ಚರಿಕೆ. ಹೊಡೆದ ಜಾಗಕ್ಕೇ ಇನ್ನಷ್ಟು ಬರುತ್ತವೆ. ಹೊಗೆ ಹಾಕುವುದು ಆ ವಾಸನೆ ಮುಚ್ಚಲಿಕ್ಕೂ ಹೌದು. ನಾನು ಹೊಗೆ ತಿದಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಇವರು ಬರೀ ಮೈಯಲ್ಲಿ, ಹೆಗಲ ಮೇಲೊಂದು ಟವೆಲು ಹಾಕಿಕೊಂಡು, ಕೊನೆಗೌಡನಿಗೆ ದುಡ್ಡು ಎಷ್ಟು ಕೊಡಲಿ ಅಂತ ಕೇಳಲು ಬಂದರು. ಕುತ್ತಿಗೆಗೆ ಒಂದು ಹೊಡೆಯಿತು. ಒಂದೇ ಒಂದು.

ಅವರು ಬೈದುಕೊಂಡು ಮನೆಗೆ ಹೋದರು. ನಾನು ನಕ್ಕೆ. ಐದು ನಿಮಿಷ ಆಗಿರಬಹುದು, "ಅಂಗೈ, ಅಂಗಾಲು ಸಿಕ್ಕಾಪಟ್ಟೆ ತುರಿಸ್ತಿದೆ" ಅಂದರು. ನೋಡನೋಡುತ್ತ ಮುಖ ಕೆಂಪಾಯಿತು. ಎದೆ, ಹೊಟ್ಟೆ ಮೇಲೆ ದೊಡ್ಡ ದೊಡ್ಡ ಗಂಧೆ. ವಾಂತಿ. ಆಮೇಲೆ ಮೈಯೆಲ್ಲ ಬೆವರಿ, ಧ್ವನಿ ಒಂಥರಾ ದಪ್ಪವಾಯಿತು.

ಇಲ್ಲಿ ನಾವು ಮಾಡಿದ ತಪ್ಪುಗಳನ್ನು ಹೇಳಲೇಬೇಕು. ಮೊದಲು ಕುರ್ಚಿ ಮೇಲೆ ಕೂರಿಸಿದೆವು. ನಮ್ಮತ್ತೆ ತುಂಬೆ ರಸ ಹಚ್ಚಿದರು. ನಾನು ಅಲರ್ಜಿಯ ಸೆಟ್ರಿಜಿನ್ ಗುಳಿಗೆ ಕೊಟ್ಟು, ಹತ್ತು ನಿಮಿಷ ಕಾಯೋಣ ಅಂದೆ. ಆ ಹತ್ತು ನಿಮಿಷ ಈಗ ನೆನೆದರೂ ಹೊಟ್ಟೆಯಲ್ಲಿ ತಳಮಳ ಆಗುತ್ತದೆ. ಗುಳಿಗೆ ತುರಿಕೆಗೆ ಸರಿ, ಅದಕ್ಕೂ ಅರ್ಧ ಗಂಟೆ ಮೇಲೆ ಬೇಕು. ಬೀಳುತ್ತಿರುವ ಬಿಪಿಯನ್ನಾಗಲೀ ಊದುತ್ತಿರುವ ಗಂಟಲನ್ನಾಗಲೀ ಅದು ತಡೆಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಓಮ್ನಿ ಬಂದ ಕೂಡಲೇ ಇವರನ್ನು ಎಬ್ಬಿಸಿ ನಡೆಸಲು ಹೋದೆವು. ಎದ್ದು ನಿಂತರು, ಎರಡು ಹೆಜ್ಜೆ ಇಟ್ಟರು, ಹಾಗೇ ಕುಸಿದರು. ಮಗಳು ಕೂಗಿ ಅಲ್ಲೇ ಮಲಗಿಸಿ ಕಾಲು ಎತ್ತಿ ಹಿಡಿದಳು. ಅವಳ ಕಚೇರಿಯಲ್ಲಿ ಪ್ರಥಮ ಚಿಕಿತ್ಸೆ ತರಬೇತಿ ಆಗಿತ್ತಂತೆ. ಕಂಬಳಿ ಮೇಲೆ ಹಾಕಿ, ನಾಲ್ಕು ಜನ ಹಿಡಿದು, ಓಮ್ನಿಯ ಹಿಂದಿನ ಸೀಟು ಮಡಚಿ ಮಲಗಿಸಿದೆವು. ಹೀಗೆ ಬಿಪಿ ಬಿದ್ದವರನ್ನು ತಟ್ಟನೆ ಎಬ್ಬಿಸಿ ನಿಲ್ಲಿಸಿದರೆ ಹೃದಯಕ್ಕೆ ರಕ್ತವೇ ವಾಪಸ್ ಬರದೆ ಜೀವ ಹೋಗಬಹುದು ಅಂತ ಡಾಕ್ಟರು ಆಮೇಲೆ ಹೇಳಿದರು. ಮಲಗಿಸಬೇಕು. ವಾಂತಿ ಇದ್ದರೆ ಮಗ್ಗುಲಿಗೆ. ಉಸಿರಾಟವೇ ಮುಖ್ಯ ತೊಂದರೆ ಆಗಿದ್ದರೆ ಮಾತ್ರ ಕಾಲು ಚಾಚಿಸಿ ಒರಗಿಸಿ ಕೂರಿಸಬಹುದು.

ಇನ್ನೊಂದು ವಿಷಯ. ನೆರೆಯವರೆಲ್ಲ "ಸೀದಾ ಸಿರಸಿಗೇ ಹೋಗಿ, ದೊಡ್ಡಾಸ್ಪತ್ರೆಗೆ" ಅಂದರು. ಓಮ್ನಿ ಓಡಿಸುತ್ತಿದ್ದ ಹುಡುಗ ಯಾರ ಮಾತೂ ಕೇಳಲಿಲ್ಲ. ಆರು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರದ ಮುಂದೆ ನಿಲ್ಲಿಸಿದ. ಅವನ ಹೊಟ್ಟೆ ತಣ್ಣಗಿರಲಿ. ಅಲ್ಲಿ ಬಿಪಿ ನೋಡಿದರೆ ಮೇಲಿನದೇ 70. ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು, ಅರ್ಧ ಎಂಎಲ್. ಐದು ನಿಮಿಷ ನೋಡಿ ಇನ್ನೊಂದು. ಡ್ರಿಪ್ ಹಾಕಿದರು. ಹತ್ತೇ ನಿಮಿಷದಲ್ಲಿ ಕಣ್ಣು ಬಿಟ್ಟು "ಕೊನೆಗೌಡಗೆ ದುಡ್ಡು ಕೊಟ್ಯಾ?" ಅಂದರು. ಆ ಔಷಧಿ ತೀರಾ ಹಳೇದು, ಬೆಲೆಯೂ ಕಡಿಮೆ. ದೊಡ್ಡ ಆಸ್ಪತ್ರೆ ಬೇಕೇ ಬೇಕು ಅಂತಿಲ್ಲ. ಬೇಗ ಸಿಗಬೇಕು, ಅಷ್ಟೇ. ನಿಮ್ಮ ಮನೆಗೆ ಹತ್ತಿರದ ಯಾವ ಕೇಂದ್ರದಲ್ಲಿ ಅಡ್ರಿನಲಿನ್ ಇದೆ, ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರುತ್ತದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ರಾತ್ರಿ ಆದರೆ ಎಲ್ಲಿಗೆ ಅಂತಲೂ.

ಅಲ್ಲಿಂದ 108ರಲ್ಲಿ ಸಿರಸಿಗೆ. ಆರಾಮಾದರು, ಮನೆಗೆ ಹೋಗೋಣ ಅಂತ ಇವರು ಸಂಜೆ ಹಟ ಹಿಡಿದಿದ್ದರು. ಡಾಕ್ಟರು ಬಿಡಲಿಲ್ಲ. ಬಿಡದಿದ್ದು ಒಳ್ಳೇದಾಯಿತು. ರಾತ್ರಿ ಏಳರ ಹೊತ್ತಿಗೆ ಮತ್ತೆ ಗಂಧೆ ಎದ್ದಿತು. ಕೆಲವರಿಗೆ ಹೀಗೆ ಕೆಲವು ಗಂಟೆ ಬಿಟ್ಟು ಎರಡನೇ ಸಲ ಬರುತ್ತದಂತೆ. ಬುಧವಾರ ಪೂರ್ತಿ ಇಟ್ಟುಕೊಂಡು ಗುರುವಾರ ಕಳಿಸಿದರು.

ನಿಮ್ಮ ಆ ಸಾಲು ನನ್ನನ್ನು ಯಾಕೆ ಹಿಡಿಯಿತು ಅಂದರೆ, ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಅದು. ಹಿಂದೆ ಯಾವಾಗಲಾದರೂ ಹುಳ ಹೊಡೆದಾಗ ಬೇರೆ ಕಡೆ ಗಂಧೆ ಎದ್ದಿತ್ತಾ? ಎದ್ದಿತ್ತು. ಹೋದ ದೀಪಾವಳಿಯಲ್ಲಿ ಕಾಲಿಗೆ ಹೊಡೆದು, ಹೊಟ್ಟೆ ಮೇಲೆ ಗಂಧೆ ಆಗಿತ್ತು. ಹಬ್ಬದ ಊಟಕ್ಕೆ ಪಿತ್ತ ಆಗಿದೆ ಅಂತ ನಾನು ಮುರುಗಲು ಪಾನಕ ಮಾಡಿ ಕುಡಿಸಿದ್ದೆ. ಸಂಜೆಗೆ ಇಳಿಯಿತು. ಮುರುಗಲಿಂದಲೇ ಇಳಿಯಿತು ಅಂತ ನಾಲ್ಕು ಜನಕ್ಕೆ ಹೇಳಿಯೂ ಬಂದಿದ್ದೆ!

ಹಾಗಾಗಿ ಊತದ ಅಳತೆ ನೋಡಬೇಡಿ, ಜಾಗ ನೋಡಿ. ಬೆರಳಿಗೆ ಹೊಡೆದು ಮೊಣಕೈವರೆಗೆ ಊದಿದರೂ, ಮೂರು ದಿನ ಇದ್ದರೂ, ಅದು ಹೊಡೆದ ಕಡೆಯಿಂದಲೇ ಹಬ್ಬಿದ ಊತ. ನೋವು ಜಾಸ್ತಿ, ಭಯ ಕಡಿಮೆ. ಆದರೆ ಕೈಗೆ ಹೊಡೆದು ಹೊಟ್ಟೆ ಮೇಲೆ ಗಂಧೆ, ತುಟಿ ದಪ್ಪ, ವಾಂತಿ, ತಲೆಸುತ್ತು, ಉಬ್ಬಸ, ಗಂಟಲು ಬಿಗಿತ, ಇವೆಲ್ಲ ಮೈಯೊಳಗೆಲ್ಲ ಹರಡಿದೆ ಅಂತ ಅರ್ಥ. ನಿಮ್ಮ ಅತ್ತೆಯವರಿಗೆ ಬರೀ ಗಂಧೆ ಆಗಿ ನಿಂತಿದೆ. ಮುಂದಿನ ಸಲವೂ ಅಷ್ಟಕ್ಕೇ ನಿಲ್ಲಬಹುದು. ನಿಲ್ಲದೆಯೂ ಇರಬಹುದು. ಅದಕ್ಕೇ ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅತ್ತೆಯವರು ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯೂ ಕೈಯಲ್ಲಿರಲಿ. ನಮ್ಮನೆಯವರ ಬಿಪಿ ಗುಳಿಗೆ ಬೀಟಾ ಬ್ಲಾಕರ್ ಜಾತಿಯದಾಗಿತ್ತು. ಅದು ಇದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದಂತೆ. ಡಾಕ್ಟರು ಬದಲಾಯಿಸಿಕೊಟ್ಟರು. ನೀವಾಗಿ ಮಾತ್ರ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಅಲರ್ಜಿ ಪರೀಕ್ಷೆಗೆ ನಮಗೆ ನಾಲ್ಕರಿಂದ ಆರು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ಆದ ಕೂಡಲೇ ಮಾಡಿದರೆ ಅಲರ್ಜಿ ಇದ್ದರೂ ಇಲ್ಲ ಅಂತ ಬರಬಹುದಂತೆ.

ನನಗೆ ವರ್ಷಕ್ಕೆ ನೂರು ಹುಳ ಹೊಡೆದರೂ ಏನೂ ಆಗುವುದಿಲ್ಲ, ಅವರಿಗೆ ಎರಡು ಹೊಡೆದರೆ ಹೀಗಾ ಅಂತ ಕೇಳಿದೆ. ಆಗಾಗ ಹೊಡೆಸಿಕೊಳ್ಳುವವರ ಮೈ ಸಾಮಾನ್ಯವಾಗಿ ಒಗ್ಗಿಕೊಂಡಿರುತ್ತದೆ, ಅಪರೂಪಕ್ಕೆ ಒಂದೆರಡು ಹೊಡೆಸಿಕೊಳ್ಳುವ ಮನೆಯವರಿಗೇ ತೊಂದರೆ ಹೆಚ್ಚು ಅಂದರು. ನಾವು ಜೇನು ಸಾಕುತ್ತೇವೆ, ಅವರು ಅನುಭವಿಸುತ್ತಾರೆ. ಅನ್ಯಾಯವೇ ಸರಿ.

ಮನೆಯಲ್ಲಿ ಈಗ ಕನ್ನಡಕದ ಡಬ್ಬಿಯೊಂದರಲ್ಲಿ ಎರಡು ಅಡ್ರಿನಲಿನ್ ಆಂಪ್ಯೂಲು, ಎರಡು ಸಿರಿಂಜು ಇವೆ. ಡಾಕ್ಟರು ಬರೆದುಕೊಟ್ಟು, ನನಗೂ ಮಗಳಿಗೂ ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು ಅಂತ ನೀರು ತುಂಬಿಸಿ ಕಲಿಸಿದರು. ಬೆಳಕು ಬೀಳಬಾರದು, ಬಿಸಿಲಿಗೆ ಇಡಬಾರದು, ಬಣ್ಣ ತಿರುಗಿದರೆ ಎಸೆಯಬೇಕು. ಇದನ್ನು ಓದಿಕೊಂಡು ಯಾರೂ ಸುಮ್ನೆ ಅಂಗಡಿಯಿಂದ ತಂದಿಟ್ಟುಕೊಳ್ಳಬೇಡಿ. ಕಲಿತವರ ಕೈಯಲ್ಲಿ ಅದು ಔಷಧಿ. ಚುಚ್ಚಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಮುಳ್ಳು ತೆಗೆಯುವ ಬಗ್ಗೆ ಇಲ್ಲಿ ಜಗಳವೇ ಆಗಿದೆ. ಉಗುರಲ್ಲಿ ಹೆರೆಯಬೇಕಾ, ಚಿಮಟದಲ್ಲಿ ಕೀಳಬೇಕಾ ಅಂತ. ಹೇಗೆ ಅನ್ನುವುದಕ್ಕಿಂತ ಎಷ್ಟು ಬೇಗ ಅನ್ನುವುದು ಮುಖ್ಯ. ಮುಳ್ಳಿನ ಜೊತೆ ಉಳಿದ ವಿಷದ ಚೀಲ ತಾನಾಗಿಯೇ ಒತ್ತುತ್ತಿರುತ್ತದೆ. ಚಿಮಟ ಹುಡುಕಲು ಮನೆಯೊಳಗೆ ಹೋಗುವಷ್ಟರಲ್ಲಿ ವಿಷವೆಲ್ಲ ಒಳಗೆ ಹೋಗಿರುತ್ತದೆ. ಹಾಂ, ಹೆಜ್ಜೇನು ನೂರಾರು ಹೊಡೆದಾಗಿನ ಲೆಕ್ಕ ಬೇರೆ. ಅದಕ್ಕೆ ಅಲರ್ಜಿಯೇ ಬೇಕಿಲ್ಲ, ವಿಷವೇ ಸಾಕು. ಎರಡು ದಿನ ಬಿಟ್ಟು ಕಿಡ್ನಿಗೆ ತೊಂದರೆ ಕೊಡಬಹುದು. ಆರಾಮಿದ್ದೇನೆ ಅಂದರೂ ದಾಖಲು ಮಾಡಿಸಬೇಕು.

ಪೆಟ್ಟಿಗೆ ತೆಗೆದುಹಾಕಬೇಕಾ? ನಾನು ತೆಗೆಯಲಿಲ್ಲ. ಒಂದು ರಾತ್ರಿ ಪೂರ್ತಿ ಯೋಚಿಸಿದ್ದಂತೂ ಹೌದು. ಆದರೆ ಅಂಗಳದ ಹತ್ತಿರ ಒಂದೂ ಇಟ್ಟಿಲ್ಲ. ಎಲ್ಲ ಬೇಣದ, ಅಂದರೆ ನಮ್ಮ ಹುಲ್ಲುಗಾವಲಿನ, ಆಚೆ ಹೋದವು. ಹೀಗೆ ಸ್ವಲ್ಪ ದೂರಕ್ಕೆ ಸಾಗಿಸುವುದೇ ಕಷ್ಟ. ನೂರಿನ್ನೂರು ಮೀಟರ್ ಸರಿಸಿದರೆ ಹುಳಗಳು ಹಳೇ ಜಾಗಕ್ಕೇ ವಾಪಸು ಬರುತ್ತವೆ. ರಾತ್ರಿ ಬಾಗಿಲು ಮುಚ್ಚಿ ಐದು ಕಿಲೋಮೀಟರ್ ಆಚೆಯ ತವರುಮನೆಗೆ ಸಾಗಿಸಿದೆ. ಮೂರು ವಾರ ಅಲ್ಲಿಟ್ಟು ಮೊನ್ನೆ ಬೇಣಕ್ಕೆ ತಂದೆ. ಜೇನು ಕೆಲಸದ ಬಟ್ಟೆ ಬೇರೆಯೇ ನೇತುಹಾಕಿ, ಬೇರೆಯೇ ಒಗೆಯುತ್ತೇನೆ. ಇವರು ಹೂವಿನ ಗಿಡದ ಕಡೆ ಹೋಗುವಾಗ ಅಂಗಿ ಹಾಕಲೇಬೇಕು. ಅಂಗಳಕ್ಕೆ ಜೇನು ಬೇಕೇ ಬೇಕು ಅನಿಸಿದರೆ ಚುಚ್ಚುವ ಮುಳ್ಳಿಲ್ಲದ ಪುಟ್ಟ ಜೇನು ಮಿಸರಿ ಇದೆಯಲ್ಲ, ನಿಮ್ಮ ಕಡೆ ಮುಜಂಟಿ ಅನ್ನುತ್ತಾರೆ. ಹೊಡೆಯುವ ಪ್ರಶ್ನೆಯೇ ಇಲ್ಲ.

ಇನ್ನು ನಿಮ್ಮ ಪಾಲು. ಇಪ್ಪತ್ತು ದಿನಕ್ಕೆ ಗಾಬರಿ ಬೇಡ. ರಾಣಿ ಮೊಟ್ಟೆಯಿಂದ ಹೊರಬರಲು ಸುಮಾರು 16 ದಿನ. ಆಮೇಲೆ ಹಾರಿ, ಗಂಡು ಹುಳಗಳ ಜೊತೆ ಕೂಡಿ ಬಂದು, ಮೊಟ್ಟೆ ಇಡಲು ಇನ್ನೊಂದು ವಾರ ಹತ್ತು ದಿನ. ನೀವು ರಾಣಿ ಒಳಗೆ ಬೆಳೆಯುತ್ತಿರುವ ಮುಚ್ಚಿದ ಕೋಶ ಕೊಟ್ಟಿದ್ದಿರೋ, ಬರೀ ಮೊಟ್ಟೆಯ ಎರಿ (ಮೇಣದ ಹಲ್ಲೆ) ಕೊಟ್ಟಿದ್ದಿರೋ ಬರೆದಿಲ್ಲ. ಬರೀ ಮೊಟ್ಟೆ ಆಗಿದ್ದರೆ ಇನ್ನೂ ಎಂಟು ದಿನ ಮುಟ್ಟಬೇಡಿ. ಪದೇ ಪದೇ ತೆರೆದರೆ ಹೊಸ ರಾಣಿಯನ್ನು ಹುಳಗಳೇ ಕೊಂದಾವು. ಒಂದೊಂದು ಕಣದಲ್ಲಿ ಮೂರ್ನಾಲ್ಕು ಮೊಟ್ಟೆ ಅಡ್ಡಾದಿಡ್ಡಿ ಕಂಡರೆ ಮಾತ್ರ ಕೆಲಸಗಾರ ಹುಳಗಳು ಇಡಲು ಶುರು ಮಾಡಿವೆ ಅಂತ. ಆಗ ಅದನ್ನು ರಾಣಿಯಿರುವ ಬಲವಾದ ಪೆಟ್ಟಿಗೆಗೆ ನಡುವೆ ಪೇಪರ್ ಹಾಕಿ ಸೇರಿಸಿಬಿಡಿ.

ಶನಿವಾರದ ತಾಳಮದ್ದಲೆಗೆ ಇವರು ಹೋದರು, ಅರ್ಥ ಹೇಳಲಿಲ್ಲ, ಕೇಳಿದರು. ಬದಲಿಗೆ ಕೂತವರು ಶರಶಯ್ಯೆಯ ಪದ್ಯಕ್ಕೆ ಅರ್ಥ ಹೇಳುತ್ತ, "ಮೈತುಂಬ ಬಾಣ ಹೊತ್ತ ಭೀಷ್ಮನನ್ನು ಕಂಡಿದ್ದೀರಿ, ಒಂದೇ ಬಾಣಕ್ಕೆ ಮಲಗಿದ ಭೀಷ್ಮ ಎದುರಿಗೆ ಕೂತಿದ್ದಾನೆ ನೋಡಿ" ಅಂದರಂತೆ. ಸಭೆಯೆಲ್ಲ ನಕ್ಕಿತು ಅಂತ ಮನೆಗೆ ಬಂದು ತಾವೇ ಹೇಳಿದರು.

ಆ ಮಂಗಳವಾರ ಅರ್ಧಕ್ಕೇ ಬಿಟ್ಟು ಓಡಿದ ಪೆಟ್ಟಿಗೆಯ ಮುಚ್ಚಳವನ್ನು, 78 ವರ್ಷದ ನಮ್ಮತ್ತೆ ಸೆರಗು ಮುಖಕ್ಕೆ ಸುತ್ತಿಕೊಂಡು ಹೋಗಿ ಹಾಕಿ ಬಂದಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ಮೊನ್ನೆ ತೆರೆದೆ, ಒಂದೊಂದು ಕಣಕ್ಕೆ ಒಂದೊಂದೇ ಮೊಟ್ಟೆ, ನೆಟ್ಟಗೆ ನಿಂತಿವೆ.

ಡಾಕ್ಟರು ಏನಂದರು ಅಂತ ಇಲ್ಲೇ ಬರೆಯಿರಿ. ರಾಣಿಯ ಸುದ್ದಿ ಆಮೇಲೆ ಬರೆದರೂ ಆಯಿತು.