ಜನಿವಾರ ತೆಗೆದ ಮಗ, ತಿಥಿಯ ಚಿಂತೆಯ ಅಪ್ಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಶಿರಸಿ ಸೀಮೆಯ ಹವ್ಯಕ ಮನೆ, ಅಡಿಕೆ ತೋಟ. ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ನೂಲಹುಣ್ಣಿಮೆಗೆ ಊರಿಗೆ ಬಂದವನ ಮೈಮೇಲೆ ಜನಿವಾರ ಇರಲಿಲ್ಲ. ಕೇಳಿದ್ದಕ್ಕೆ ನಂಬಿಕೆ ಇಲ್ಲ ಎಂದ. ಆಮೇಲೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಡಿ, ಪಂಕ್ತಿಭೇದ (ಊಟಕ್ಕೆ ಬೇರೆ ಬೇರೆ ಸಾಲು) ಇವುಗಳನ್ನು ಗೇಲಿ ಮಾಡತೊಡಗಿದ. ದಾಯಾದಿ ದೊಡ್ಡಪ್ಪ "ಮಠಕ್ಕೆ ತಿಳಿಸ್ತೇನೆ" ಎಂದರು, ಅಪ್ಪ "ತೋಟದಲ್ಲಿ ಪಾಲಿಲ್ಲ" ಎಂದರು. ಅಪ್ಪ, ಮಗ ಇಬ್ಬರ ಮಾತನ್ನೂ ಹೊತ್ತು ತಿರುಗಿ ಆಯಿ (ಅಮ್ಮ) ನಿದ್ದೆಗೆಟ್ಟರು. ಮನೆಜಗಳಗಳಿಗೆ ಸಲಹೆ ಕೊಡುವ ನಮ್ಮಲ್ಲಿಗೆ ಮೊದಲು ಬಂದವರೂ ಅವರೇ.

ಇಂಥವರನ್ನು ಮೊದಲೇ ಒಟ್ಟಿಗೆ ಕೂರಿಸಿದರೆ ಐದೇ ನಿಮಿಷದಲ್ಲಿ ಜಗಳ ವೇದಕ್ಕೂ ವಿಜ್ಞಾನಕ್ಕೂ ಹತ್ತಿ ಕೂರುತ್ತದೆ. ಬೇರೆ ಬೇರೆ ಕೇಳಿದಾಗ ಹೊರಬಿದ್ದದ್ದೇ ಬೇರೆ. ಅಪ್ಪನಿಗೆ ದೇವರು ಇದ್ದಾನೋ ಇಲ್ಲವೋ ಎಂಬ ವಾದವೇ ಬೇಕಿರಲಿಲ್ಲ: "ನಾ ಸತ್ಮೇಲೆ ಪಿಂಡ ಇಡೋರು ಯಾರು?" ಮಗನಿಗೆ ಚಿಕ್ಕಂದಿನಿಂದ ಚುಚ್ಚುತ್ತಿದ್ದದ್ದು ಕೊನೆಕೊಯ್ಲಿಗೆ (ಅಡಿಕೆ ಗೊನೆ ಕೊಯ್ಯಲು) ಬಂದವರಿಗೆ ಹೊರಜಗಲಿಯಲ್ಲಿ ಬೇರೆ ಬಾಳೆಲೆ ಹಾಕಿ ಬಡಿಸುವುದು. ಅದನ್ನು ಅಪ್ಪನೆದುರು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಒಟ್ಟಿಗೆ ಕೂತಾಗ "ನಮ್ಮ ಧರ್ಮದಲ್ಲಿ", "ವಿಜ್ಞಾನದ ಪ್ರಕಾರ", "ಊರವರು" ಎಂದು ಮಾತು ಶುರುಮಾಡಕೂಡದು ಎಂದೆವು. ಒಬ್ಬರಿಗೆ ಹತ್ತು ನಿಮಿಷ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು, "ಹೌದು, ಇದನ್ನೇ ಹೇಳಿದ್ದು" ಎಂದ ಮೇಲಷ್ಟೇ ಉತ್ತರ. ಧರ್ಮ ಬದಲಾಗುವುದಿಲ್ಲ ಎಂದು ಮಗ ಹಟ ಹಿಡಿದಾಗ ಅಪ್ಪನೇ ಶಿರಸಿ ಮಾರಿಕಾಂಬೆಯ ಮಾತೆತ್ತಿದರು: ಗಾಂಧೀಜಿ 1934ರಲ್ಲಿ ಬಂದ ಕಾಲಕ್ಕೆ ಕೋಣನ ಬಲಿ ನಿಲ್ಲಿಸಲು ನಿಂತವರು ದೇವಿಯ ಭಕ್ತರೇ. ಹಾಗಾದರೆ ಪಂಕ್ತಿಯ ಪ್ರಶ್ನೆ ಎತ್ತಿದವನು ಮಾತ್ರ ಹೇಗೆ ಧರ್ಮದ್ರೋಹಿ? ಇದನ್ನು ಅವರ ಮುಂದಿಟ್ಟು ಸುಮ್ಮನಾದೆವು.

ಕೊಟ್ಟ ಸಲಹೆ ಇಷ್ಟು. ತೋಟದ ಬೆದರಿಕೆ ಬಿಡಬೇಕು. ನಂಬಿಕೆ ಇಲ್ಲ ಎಂದ ಮಾತ್ರಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಪಾಲು ತಪ್ಪುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗನ ಹಕ್ಕು ಹುಟ್ಟಿನಿಂದಲೇ ಬಂದದ್ದು. ಸಂವಿಧಾನದ 25ನೇ ವಿಧಿ ಮಗನ ಆತ್ಮಸಾಕ್ಷಿಯನ್ನೂ ಅಪ್ಪನ ಆಚರಣೆಯನ್ನೂ ಒಟ್ಟಿಗೇ ಕಾಯುತ್ತದೆ.

ಅಜ್ಜನ ತಿಥಿಗೆ ಕರ್ತೃ ಅಪ್ಪನೇ, ಮಗ ಸಂಕಲ್ಪಕ್ಕೆ ಕೂರಬೇಕಿಲ್ಲ. ಪುರೋಹಿತರನ್ನು ಕರೆತರುವುದು, ಬಾಳೆಲೆ, ಸಾಮಾನು ತರುವುದು ಅವನ ಪಾಲಿಗಿರಲಿ. ಆದರೆ ಬಡಿಸಲು ಅವನನ್ನು ಕರೆಯಬಾರದು; ಜನಿವಾರದ ಪ್ರಶ್ನೆ ಅಲ್ಲೇ ಮತ್ತೆ ಏಳುತ್ತದೆ. ಅಪ್ಪನ ಮುಂದಿನ ಕರ್ಮದ ಬಗ್ಗೆ ಕಣ್ಣೀರು ಹಾಕಿ ಭಾಷೆ ತೆಗೆದುಕೊಳ್ಳುವುದು ಬೇಡ, ಅಂಥ ಭಾಷೆ ಮುರಿದಾಗ ಆಗುವ ಗಾಯವೇ ದೊಡ್ಡದು. ಅಪ್ಪ ತಮ್ಮ ಇಚ್ಛೆ ಬರೆದಿಡಲಿ. "ಖರ್ಚು, ವ್ಯವಸ್ಥೆ ನನ್ನದು, ಮಂತ್ರ ಹೇಳಲಾರೆ" ಎಂದ ಮಗ. ತಮ್ಮನ ಮಗನಿಂದ ಗೋಕರ್ಣದಲ್ಲಿ ಮಾಡಿಸಬಹುದೆಂದು ಅಪ್ಪನೇ ದಾರಿ ಹೇಳಿದರು.

ದೊಡ್ಡಪ್ಪ ಈ ವ್ಯವಹಾರದಲ್ಲಿ ಕಕ್ಷಿಯೇ ಅಲ್ಲ, ಮಠದ ವಕೀಲರೂ ಅಲ್ಲ. ಫೋನ್ ಬಂದರೆ "ಅವನ ನಂಬಿಕೆ ಅವನನ್ನೇ ಕೇಳು" ಎಂದಷ್ಟೇ ಹೇಳಿ ಇಡಬೇಕು. ಮಗನೂ ಗುಂಪಿನಲ್ಲಿ ಗೇಲಿ ನಿಲ್ಲಿಸಬೇಕು. ಗೇಲಿ ಓದಿ ಪಂಕ್ತಿ ಬದಲಿಸಿದವರಿಲ್ಲ.

ಕೊನೆಕೊಯ್ಲಿನ ದಿನ ಎಲ್ಲರಿಗೂ ಒಂದೇ ಸಾಲಿನ ಊಟಕ್ಕೆ ಅಪ್ಪ ಒಪ್ಪಿದರು, ತಿಥಿಯ ದಿನಕ್ಕೆ ಒಪ್ಪಲಿಲ್ಲ. ಮಗನಿಗೆ ಅಸಮಾಧಾನ ಉಳಿದಿದೆ. ಆಯಿಗೆ ಮಾತು ಸಾಗಿಸುವ ಕೆಲಸ ಬಿಡಿ ಎಂದೆವು. ಎರಡು ವಾರದಲ್ಲಿ ನಿದ್ದೆ ಮರಳದಿದ್ದರೆ ಮನೋವೈದ್ಯರನ್ನು ಕಾಣಬೇಕು, ಅದಕ್ಕೂ ಮೊದಲೇ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು.